ಮನೆಯಲ್ಲಿ ಜಿನಬಿಂಬ: ಅಭಿಷೇಕದ ಹೊಣೆ ಯಾರದು?

ಆನಂದಪುರದಿಂದ ರಿಪ್ಪನ್‌ಪೇಟೆಯ ಮಾರ್ಗವಾಗಿ ಹೊರಟವರು ಅಡಿಕೆ ತೋಟ, ಗದ್ದೆಬಯಲು, ಕಾಡುಗಳನ್ನು ದಾಟಿ ಹೊಂಬುಜವನ್ನು ಸೇರುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶ್ರಾವಕ ಕುಟುಂಬಗಳಿಗೆ ಹೊಂಬುಜ ದೂರದ ಯಾತ್ರಾಸ್ಥಳವಲ್ಲ. ಮದುವೆಯ ಕರೆಯೋಲೆ ಅಚ್ಚಾದಾಗ, ಮಗುವಿಗೆ ವರ್ಷ ತುಂಬಿದಾಗ, ಅಡಿಕೆ ಕೊಯ್ಲು ಮುಗಿದಾಗ ಹೋಗಿ ಕೈಮುಗಿದು ಬರುವ ತವರು ಅದು. ಶುಕ್ರವಾರಗಳಂದು ಪಾರ್ಶ್ವನಾಥ ಸ್ವಾಮಿಯ ದರ್ಶನ ಪಡೆದು, ಪದ್ಮಾವತಿ ಅಮ್ಮನವರಿಗೆ ಹಣ್ಣು ಕಾಯಿ ಒಪ್ಪಿಸಿ ಹಿಂದಿರುಗುವವರಲ್ಲಿ ಅನೇಕರ ಕೈಯಲ್ಲಿ ಚೌಕಟ್ಟು ಹಾಕಿದ ಚಿತ್ರಪಟವೊಂದಿರುತ್ತದೆ. ಕೆಲವರ ಕೈಚೀಲದಲ್ಲಿ ಅಂಗೈಯಗಲದ ಲೋಹದ ಬಿಂಬವೂ ಇರುತ್ತದೆ. ಮನೆ ತಲುಪಿದ ಮೇಲೆ ಪ್ರಶ್ನೆ ಹುಟ್ಟುತ್ತದೆ: ಇದನ್ನು ಎಲ್ಲಿಡುವುದು?

ಹೊಸ ಮನೆ ಕಟ್ಟಿಸುವವರಂತೂ ಪಾಯ ತೆಗೆಯುವ ಮೊದಲೇ ದೇವರ ಕೋಣೆ ಯಾವ ಮೂಲೆಗೆ ಬರುತ್ತದೆಂದು ಮೇಸ್ತ್ರಿಯನ್ನು ವಿಚಾರಿಸುತ್ತಾರೆ. ಈಶಾನ್ಯವೋ ಪೂರ್ವವೋ, ಬಾಗಿಲಿಗೆ ಸಾಗುವಾನಿಯೋ ಹಲಸೋ, ನೆಲಕ್ಕೆ ಯಾವ ಕಲ್ಲು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಇದೇ ಮಾತನ್ನು ಬಸದಿಯ ಇಂದ್ರರ ಬಳಿಯೋ, ವಿಹಾರದಲ್ಲಿ ಬಂದ ಮುನಿಗಳ ಬಳಿಯೋ ಎತ್ತಿದಾಗ ದಿಕ್ಕಿನ ವಿಚಾರ ಹಿಂದೆ ಸರಿದು ಬೇರೊಂದು ಪ್ರಶ್ನೆ ಮುಂದೆ ಬರುತ್ತದೆ. ಬಿಂಬವನ್ನು ತರುವುದೇನೋ ಸರಿ, ದಿನವೂ ಅಭಿಷೇಕ ಮಾಡುವವರು ಯಾರು? ಇದಕ್ಕೆ ಉತ್ತರವಿಲ್ಲದೆ ಕಟ್ಟಿದ ದೇವರ ಕೋಣೆ ಎಷ್ಟೇ ಚೆಂದವಾಗಿದ್ದರೂ ಮನೆಯ ಇನ್ನೊಂದು ಕೋಣೆ ಮಾತ್ರ.

ಜೈನ ಪರಿಭಾಷೆಯಲ್ಲಿ ಚೈತ್ಯವೆಂದರೆ ಜಿನಬಿಂಬ. ಅದು ನೆಲೆಸಿದ ತಾಣ ಚೈತ್ಯಾಲಯ. ಮನೆಯೊಳಗೇ ಇದ್ದರೆ ಅದು ಗೃಹ ಚೈತ್ಯಾಲಯ. ನವದೇವತೆಗಳನ್ನು ಎಣಿಸುವಾಗ ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಪಂಚಪರಮೇಷ್ಠಿಗಳ ಜೊತೆಗೆ ಜಿನಧರ್ಮ, ಜಿನಾಗಮ, ಜಿನಚೈತ್ಯ, ಜಿನಚೈತ್ಯಾಲಯಗಳನ್ನೂ ಸೇರಿಸುವುದು ರೂಢಿ. ಬಿಂಬವಷ್ಟೇ ಅಲ್ಲ, ಬಿಂಬವಿರುವ ಆಲಯವೂ ವಂದನೀಯವೆಂಬುದು ಇದರ ತಾತ್ಪರ್ಯ. ಹಾಗಿರುವಾಗ ಅಡುಗೆಮನೆಯ ಪಕ್ಕದ ಆರಡಿ ಚೌಕದ ಒಂದು ಕೋಣೆಯನ್ನು ಚೈತ್ಯಾಲಯವೆಂದು ಕರೆಯುವುದು ಸಣ್ಣ ಮಾತೇನಲ್ಲ. ಅಂದಿನಿಂದ ಆ ಮನೆಯವರು ನವದೇವತೆಗಳಲ್ಲಿ ಒಂದಕ್ಕೆ ತಮ್ಮ ಸೂರಿನ ಕೆಳಗೆ ಜಾಗ ಕೊಟ್ಟಂತೆ.

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆಗೆ ಮೊದಲ ಸ್ಥಾನ. ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನಗಳು ಅನಂತರದವು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪೂಜೆಯ ಬಗೆಗಳನ್ನು ವಿಂಗಡಿಸುತ್ತ ನಿತ್ಯಮಹವನ್ನು ವಿವರಿಸುತ್ತಾರೆ. ಗಂಧ, ಪುಷ್ಪ, ಅಕ್ಷತೆಗಳನ್ನು ತನ್ನ ಮನೆಯಿಂದಲೇ ದಿನವೂ ಜಿನಾಲಯಕ್ಕೆ ಒಯ್ದು ಅರ್ಚಿಸುವುದೇ ನಿತ್ಯಮಹ. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಪೂಜೆ ಪ್ರತಿದಿನದ್ದು, ದ್ರವ್ಯ ತನ್ನ ಮನೆಯದು. ಬಸದಿಯಿರುವ ಊರಿನಲ್ಲಿ ಮನೆ ದ್ರವ್ಯ ಹೊರಡುವ ತಾಣ. ಬಸದಿ ಐದಾರು ಹರದಾರಿ ದೂರವಿದ್ದು, ಮಳೆಗಾಲದಲ್ಲಿ ಹಳ್ಳಗಳು ಉಕ್ಕಿ ದಾರಿ ಕಟ್ಟುವ ಮಲೆನಾಡಿನ ಒಂಟಿಮನೆಗಳಲ್ಲಿ ಹಿರಿಯರು ಬಿಂಬವನ್ನೇ ಮನೆಯೊಳಗೆ ಇಟ್ಟುಕೊಂಡದ್ದರ ಅಗತ್ಯವೂ ಇಲ್ಲಿಯೇ ತಿಳಿಯುತ್ತದೆ. ಬಸದಿಗೆ ಹೋಗುವ ಶ್ರಮ ತಪ್ಪಿಸಿಕೊಳ್ಳಲೆಂದು ಹುಟ್ಟಿದ್ದಲ್ಲ ಗೃಹ ಚೈತ್ಯಾಲಯ. ಹೋಗಲಾಗದ ದಿನವೂ ನಿಯಮ ತಪ್ಪಬಾರದೆಂದು ಹುಟ್ಟಿದ್ದು.

ಇಲ್ಲಿ ಯುವಕರು ಕೇಳುವ ಒಂದು ಸಂದೇಹವಿದೆ. ಜಿನನು ವೀತರಾಗ. ಪೂಜಿಸಿದರೆ ಒಲಿಯುವವನಲ್ಲ, ಮರೆತರೆ ಮುನಿಯುವವನೂ ಅಲ್ಲ. ಹಾಗಾದರೆ ಒಂದು ದಿನ ಅಭಿಷೇಕ ತಪ್ಪಿದರೆ ಯಾರಿಗೆ ನಷ್ಟ? ಪ್ರಶ್ನೆ ನ್ಯಾಯವಾದದ್ದೇ. ಸಮಂತಭದ್ರಾಚಾರ್ಯರು ವಾಸುಪೂಜ್ಯ ತೀರ್ಥಂಕರರ ಸ್ತುತಿಯಲ್ಲಿ ಈ ಗಂಟನ್ನು ಬಿಡಿಸಿದ್ದಾರೆ. ಪೂಜೆಯಿಂದ ಜಿನನಿಗೆ ಪ್ರಯೋಜನವಿಲ್ಲ, ನಿಂದೆಯಿಂದ ಅವನಿಗೆ ವೈರವೂ ಇಲ್ಲ. ಆದರೂ ಅವನ ಗುಣಸ್ಮರಣೆ ಭಕ್ತನ ಚಿತ್ತದ ಕೊಳೆಯನ್ನು ಕಳೆಯುತ್ತದೆ ಎಂಬುದು ಅವರ ಅಭಿಪ್ರಾಯ. ಅಂದರೆ ನಷ್ಟವೂ ಲಾಭವೂ ಪೂಜಿಸುವವನ ಕಡೆಯವೇ. ದೂಳು ಹಿಡಿದ ಬಿಂಬದಿಂದ ಜಿನನಿಗೆ ಏನೂ ಆಗದು. ಆ ದೂಳನ್ನು ದಿನವೂ ಕಂಡು ದಾಟಿಹೋಗುವ ಕಣ್ಣಿಗೆ ಮಾತ್ರ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಪೂಜ್ಯವಾದುದನ್ನು ಕಂಡೂ ಕಾಣದಂತಿರುವ ಆ ಅನಾದರವನ್ನೇ ಶಾಸ್ತ್ರಗಳು ಆಸಾದನೆ ಎಂದು ಕರೆದವು.

ಹೊಂಬುಜದ ಸ್ಥಳಪುರಾಣವನ್ನೇ ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದು. ಉತ್ತರ ಮಥುರೆಯ ರಾಜಕುಮಾರ ಜಿನದತ್ತ ತಂದೆಯ ಮನೆಯಲ್ಲಿ ಪ್ರಾಣಕ್ಕೆ ಅಪಾಯ ಬಂದಾಗ, ತಾಯಿ ಕೊಟ್ಟ ಪದ್ಮಾವತಿಯ ಮೂರ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಕುದುರೆಯೇರಿ ದಕ್ಷಿಣಕ್ಕೆ ಬಂದನೆಂದು ಐತಿಹ್ಯ. ದಣಿದು ಲಕ್ಕಿಯ ಮರದಡಿ ಮೂರ್ತಿಯನ್ನಿಳಿಸಿ ಮಲಗಿದ ಜಾಗವೇ ಸಾಂತರರ ರಾಜಧಾನಿಯಾಯಿತು. ಗೋಡೆಯಿಲ್ಲ, ಕೋಣೆಯಿಲ್ಲ, ದಿಕ್ಕಿನ ಲೆಕ್ಕವಿಲ್ಲ. ತಾಯಿಯ ಕೈಯಿಂದ ಮಗನ ಬೆನ್ನಿಗೆ ಬಂದ ದೇವರು. ಅನಂತರ ಅಲ್ಲಿ ಕಲ್ಲಿನ ಬಸದಿಗಳು ಎದ್ದವು. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಉರ್ವೀತಿಲಕವೆಂದು ಹೆಸರಾಯಿತು. ಲಕ್ಕಿಮರ ಇಂದಿಗೂ ಅಮ್ಮನವರ ಸನ್ನಿಧಿಯ ಬಳಿ ಹಸಿರಾಗಿ ನಿಂತಿದೆ.

ಅದೇ ಐತಿಹ್ಯಕ್ಕೆ ಎರಡನೆಯ ಭಾಗವಿದೆ. ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ರಾಜ್ಯ ಕೈಗೂಡಿ ಸಿರಿ ಬಂದ ಮೇಲೆ ಜಿನದತ್ತನಿಗೆ ಊರಿನ ಕೆರೆಯಿಂದ ಎರಡು ಮುತ್ತುಗಳು ದೊರೆತವಂತೆ. ಅದು ಮುತ್ತಿನ ಕೆರೆ. ಒಂದು ಮುತ್ತು ನಿರ್ದೋಷವಾದುದು, ಇನ್ನೊಂದರಲ್ಲಿ ಕುಂದಿತ್ತು. ಒಳ್ಳೆಯದನ್ನು ರಾಣಿಗೆ ಕೊಟ್ಟು, ಕುಂದಿದ್ದುದನ್ನು ದೇವಿಗೆ ಒಪ್ಪಿಸಿದ. ಬೆನ್ನಿನ ಮೇಲೆ ಹೊತ್ತು ತಂದವನಿಗೇ ಕೊನೆಗೆ ಹಾಗೆ ಮಾಡಲು ಮನಸ್ಸು ಬಂತು. ತನ್ನ ತಪ್ಪು ಅರಿವಾದಾಗ ಅವನು ನಾಚಿದ. ಆದರೆ ದೇವಿಯೊಡನೆ ಅವನಿಗಿದ್ದ ಮೊದಲಿನ ನೇರ ಬಾಂಧವ್ಯ ಉಳಿಯಲಿಲ್ಲವೆಂದು ಕತೆ ಮುಗಿಯುತ್ತದೆ.

ಅಡಿಕೆಯ ಸೀಮೆಯಲ್ಲಿ ಈ ಮುತ್ತಿನ ಕತೆಗೆ ವ್ಯಾಖ್ಯಾನ ಬೇಕಿಲ್ಲ. ಸರಕು, ಬೆಟ್ಟೆ, ರಾಶಿಗಳು ಮಂಡಿಗೆ ಹೋಗುತ್ತವೆ. ಯಾವ ದರವೂ ಸಿಗದ ಚಿಕ್ಕ ಅಡಿಕೆಗೆ ಪೂಜೆ ಅಡಿಕೆ ಎಂದು ಹೆಸರು. ಅಂಗಡಿಯಲ್ಲಿ ಅಡುಗೆಗೆ ಒಂದು ಎಣ್ಣೆ, ತಿನ್ನಲು ಬಾರದ ಅಗ್ಗದ ಎಣ್ಣೆಗೆ ದೇವರ ದೀಪದ ಎಣ್ಣೆ ಎಂಬ ಚೀಟಿ. ಬಾಳೆಗೊನೆಯಲ್ಲಿ ಸಣ್ಣ ಚಿಪ್ಪು, ಅಕ್ಕಿಯಲ್ಲಿ ನುಚ್ಚು ದೇವರ ಪಾಲಿಗೆ ಬರುತ್ತವೆ. ಅಕ್ಷತೆ ಎಂಬ ಪದಕ್ಕೆ ಮುರಿಯದ ಕಾಳು ಎಂದೇ ಅರ್ಥ. ಮನೆಯ ಊಟಕ್ಕೆ ಸೋನಾಮಸೂರಿಯನ್ನು ಆರಿಸಿ, ಅಕ್ಷತೆಯ ಬಟ್ಟಲಿಗೆ ನುಚ್ಚನ್ನು ಸುರಿದರೆ ಮಂತ್ರದಲ್ಲಿ ಅಕ್ಷಯಪದವನ್ನು ಬೇಡುವ ಬಾಯಿ ಏನನ್ನು ಬೇಡುತ್ತಿದೆಯೆಂದು ಕೇಳಬೇಕಾಗುತ್ತದೆ. ದುಬಾರಿಯಾದುದನ್ನೇ ತರಬೇಕೆಂದಲ್ಲ. ತಾನು ಉಣ್ಣುವುದರಿಂದ ಒಂದು ಹಿಡಿ ಎತ್ತಿಟ್ಟರೆ ಸಾಕು.

ಇನ್ನು ಅಳತೆ ಮತ್ತು ದಿಕ್ಕು. ಈ ಕುರಿತು ಗ್ರಂಥಗಳು ಹೇಳಿರುವುದು ಸರಳವಾಗಿದೆ. ಉಮಾಸ್ವಾಮಿ ಶ್ರಾವಕಾಚಾರವೆಂಬ ಗ್ರಂಥ ಮನೆಯೊಳಗಿನ ಪೂಜಾಸ್ಥಾನವನ್ನು ದೇವತಾವಸರವೆಂದು ಕರೆದು, ಮನೆಯನ್ನು ಪ್ರವೇಶಿಸುವವರ ಎಡಭಾಗದಲ್ಲಿ, ನೆಲದಿಂದ ಒಂದೂವರೆ ಹಸ್ತ ಎತ್ತರದಲ್ಲಿ ಅದಿರಬೇಕೆನ್ನುತ್ತದೆ. ಬಿಂಬದ ಪ್ರಮಾಣವನ್ನು ದಿಲ್ಲಿಯ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ಗೃಹಸ್ಥ ಠಕ್ಕುರ ಫೇರು ತನ್ನ ವಾಸ್ತುಸಾರದಲ್ಲಿ ನಿರ್ದೇಶಿಸಿದ್ದಾನೆ. 1315ರ ಆ ಗ್ರಂಥದಂತೆ ಒಂದರಿಂದ ಹನ್ನೊಂದು ಅಂಗುಲದವರೆಗಿನ ಬಿಂಬ ಮನೆಯ ಪೂಜೆಗೆ ಯೋಗ್ಯ; ಅದಕ್ಕೂ ದೊಡ್ಡದು ದೇವಾಲಯಕ್ಕೆ. ಹನ್ನೆರಡು ಅಂಗುಲಕ್ಕೆ ಒಂದು ಗೇಣು. ಎಂದರೆ ಮನೆಯ ದೇವರು ಒಂದು ಗೇಣಿಗಿಂತ ಕಿರಿದಾಗಿರಬೇಕು. ಒಬ್ಬನೇ ಎರಡು ಕೈಯಲ್ಲಿ ಎತ್ತಿ ಅಭಿಷೇಕದ ತಟ್ಟೆಯಲ್ಲಿಟ್ಟು, ಒರೆಸಿ, ಮರಳಿ ಪೀಠದ ಮೇಲೆ ಇರಿಸಬಹುದಾದ ಗಾತ್ರ ಅದು. ಬಿಂಬ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಲಿ. ಪೂಜಕನ ನಾಭಿಗಿಂತ ಕೆಳಗೆ ಬೇಡ. ಮೆಟ್ಟಿಲಿನ ಅಡಿ, ಮಲಗುವ ಕೋಣೆ, ಬಚ್ಚಲಿನ ಗೋಡೆಯ ಒತ್ತಿನಲ್ಲಿ ಬೇಡ. ಇಷ್ಟಕ್ಕೆ ಮುಗಿಯುವ ವಿಷಯವನ್ನು ಇಂದು ಎಳೆದು ಎಳೆದು ಬೆಳೆಸಲಾಗಿದೆ. ನಗರದ ಎರಡು ಕೋಣೆಯ ಮನೆಯಲ್ಲಿ ಈಶಾನ್ಯ ಸಿಗದೆ ಕಳವಳಪಡುವವರು ಗೋಡೆಯ ಒಂದು ಶುಚಿಯಾದ ಗೂಡಿನಿಂದ ತೃಪ್ತರಾಗಬಹುದು.

ಯಕ್ಷಿಯ ಪಟದ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಅಗತ್ಯ. ಪದ್ಮಾವತಿ ಅಮ್ಮನವರು ಪಾರ್ಶ್ವನಾಥರ ಶಾಸನದೇವತೆ. ಅಮ್ಮನ ಮುಡಿಯ ಮೇಲೆ ಪಾರ್ಶ್ವಜಿನರ ಬಿಂಬವನ್ನು ಕಂಡರಿಸುವುದು ಶಿಲ್ಪಿಗಳ ಸಂಪ್ರದಾಯ. ದೇವಿಯೇ ಶಿರದಲ್ಲಿ ಧರಿಸಿದ ಸ್ವಾಮಿಯನ್ನು ಬಿಟ್ಟು ದೇವಿಯ ಪಟವನ್ನು ಮಾತ್ರ ನಡುವೆ ಇಟ್ಟು ಪೂಜಿಸುವ ಮನೆಗಳು ಹೆಚ್ಚುತ್ತಿವೆ. ನಡುವೆ, ಎತ್ತರದಲ್ಲಿ ಜಿನರಿರಲಿ. ಪಕ್ಕದಲ್ಲಿ, ತುಸು ಕೆಳಗೆ ಅಮ್ಮನವರಿರಲಿ. ಹೊಂಬುಜದಲ್ಲಿ ಮೊದಲು ಪಾರ್ಶ್ವನಾಥ ಸ್ವಾಮಿಗೆ ವಂದಿಸುವ ಕ್ರಮ ಮನೆಯಲ್ಲಿಯೂ ನಡೆಯಲಿ.

ಮಲೆನಾಡಿನ ಮಳೆಗಾಲ ಗೃಹ ಚೈತ್ಯಾಲಯಕ್ಕೆ ಒಡ್ಡುವ ಪರೀಕ್ಷೆ ಬಯಲುಸೀಮೆಯವರ ಊಹೆಗೆ ಸಿಗುವಂಥದ್ದಲ್ಲ. ಆಷಾಢ ಕಾಲಿಟ್ಟಿತೆಂದರೆ ಗೋಡೆ ಬೆವರುತ್ತದೆ, ಮರದ ಪೀಠಕ್ಕೆ ಬೂಸು ಹಿಡಿಯುತ್ತದೆ, ಚಿತ್ರಪಟದ ಗಾಜಿನ ಒಳಗೆ ಕಪ್ಪು ಚುಕ್ಕೆಗಳು ಹರಡುತ್ತವೆ. ಅಭಿಷೇಕದ ನಂತರ ಬಿಂಬವನ್ನು ಒಣಬಟ್ಟೆಯಿಂದ ಪೂರ್ತಿಯಾಗಿ ಒರೆಸದಿದ್ದರೆ ಪದ್ಮಾಸನದ ಮಡಿಲಲ್ಲಿ, ಅಂಗಾಲಿನ ಸಂದಿನಲ್ಲಿ ನಿಂತ ಹನಿ ನೀರಿನಲ್ಲಿ ಹಾವಸೆ ಬೆಳೆಯುತ್ತದೆ. ಅದು ಬರಿಯ ಕೊಳೆಯಲ್ಲ, ಜೀವರಾಶಿ. ನಾಳೆ ಅದನ್ನು ಉಜ್ಜಿ ತೆಗೆದರೆ ಹಿಂಸೆ. ಇಂದು ಎರಡು ನಿಮಿಷ ತಾಳ್ಮೆಯಿಂದ ಒರೆಸುವುದು ಅಹಿಂಸೆಯ ಆಚರಣೆಯೇ. ದೊಡ್ಡ ವ್ರತದ ಮಾತುಗಳು ಇಂಥ ಸಣ್ಣ ಬಟ್ಟೆಯ ತುಂಡಿನಲ್ಲಿ ನಿಲ್ಲುತ್ತವೆ ಅಥವಾ ಬೀಳುತ್ತವೆ.

ದೀಪದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮಳೆ ಬಿಟ್ಟ ಸಂಜೆ ರೆಕ್ಕೆಯ ಹುಳುಗಳು ಬೆಳಕನ್ನು ಅರಸಿ ಒಳನುಗ್ಗುತ್ತವೆ. ತೆರೆದ ಸೊಡರಿನಲ್ಲಿ ಅವು ಬಿದ್ದು ಸುಡುತ್ತಿರುವಾಗ ಮೋಹಾಂಧಕಾರದ ನಾಶಕ್ಕಾಗಿ ದೀಪವನ್ನು ಅರ್ಪಿಸುತ್ತೇನೆಂದು ಹೇಳುವುದು ಹೇಗೆ? ಪೂಜೆಯಲ್ಲಿ ಆಗುವ ಅಲ್ಪ ದೋಷ ಪುಣ್ಯರಾಶಿಯ ಮುಂದೆ ಗಣನೆಗೆ ಬಾರದೆಂದು ಸಮಂತಭದ್ರರೇ ಹೇಳಿದ್ದಾರೆ, ನಿಜ. ಅದು ತಪ್ಪಿಸಲಾಗದ ದೋಷಕ್ಕೆ ಹೇಳಿದ ಸಮಾಧಾನ. ಅಲಕ್ಷ್ಯಕ್ಕೆ ಕೊಟ್ಟ ರಹದಾರಿಯಲ್ಲ. ದೀಪಕ್ಕೆ ಗಾಜಿನ ಬುರುಡೆ ಮುಚ್ಚಬಹುದು, ಕಿಟಕಿಗೆ ಸಣ್ಣಕಣ್ಣಿನ ಜಾಲರಿ ಹಾಕಿಸಬಹುದು, ಹುಳು ಏಳುವ ಮುನ್ನ ಹಗಲಿರುವಾಗಲೇ ಆರತಿ ಮುಗಿಸಬಹುದು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಗಳಿಗೆ ಇದೇನೂ ಹೊಸ ಅಭ್ಯಾಸವಲ್ಲ.

ನೀರಿನ ವಿಷಯವೂ ಹಾಗೆಯೇ. ಅಭಿಷೇಕದ ನೀರನ್ನು ದಪ್ಪ ಬಟ್ಟೆಯ ಎರಡು ಪದರದಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ, ಅದೇ ಹೊಳೆಗೆ ಮೆಲ್ಲಗೆ ಮರಳಿ ಬಿಡಬೇಕು. ಸೋಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷಗಳವರೆಗೆ ಬಳಕೆಗೆ ಸಲ್ಲುತ್ತದೆ. ಆಮೇಲೆ ಮತ್ತೆ ಸೋಸಬೇಕು. ನಲ್ಲಿ ಬಂದ ಮೇಲೆ ಬಾವಿಗೆ ಮರಳಿಸುವ ಕ್ರಮ ಮರೆತುಹೋಗಿದೆ. ತೋಟದ ಮನೆಗಳಲ್ಲಿ ಬಾವಿ ಇನ್ನೂ ಇದೆ. ಮಕ್ಕಳಿಗೆ ಇದನ್ನು ಕೈಯಲ್ಲಿ ಮಾಡಿಸಿ ತೋರಿಸಿದರೆ ಜೀವದಯೆಯ ಪಾಠಕ್ಕೆ ಬೇರೆ ಪುಸ್ತಕ ಬೇಡ. ಹೂವಿನ ಬಗ್ಗೆ ಸಂಪ್ರದಾಯಗಳು ಒಂದೇ ಆಗಿಲ್ಲ. ಕರ್ನಾಟಕದ ಬಸದಿಗಳಲ್ಲಿ ಹೂವು, ಹಾಲು, ಎಳನೀರು ಸಲ್ಲುತ್ತವೆ. ಹೂವಿನ ಬದಲು ಕೇಸರಿ ಬಣ್ಣದ ಅಕ್ಕಿಯನ್ನೇ ಅರ್ಪಿಸುವವರೂ ಇದ್ದಾರೆ. ಹೂವನ್ನೇ ಇಡುವವರು ಮೊಗ್ಗನ್ನು ಕೀಳದೆ, ದಳದ ಸಂದಿನಲ್ಲಿ ಇರುವೆ ಇದೆಯೇ ಎಂದು ನೋಡಿ ಇಡಲಿ. ನಸುಕಿನಲ್ಲಿ ತಾನಾಗಿ ಉದುರಿದ ಪಾರಿಜಾತಕ್ಕಿಂತ ನಿರ್ದೋಷವಾದ ಹೂವು ಯಾವುದಿದೆ?

ಜಲ, ಗಂಧ, ಅಕ್ಷತೆ, ಪುಷ್ಪ, ನೈವೇದ್ಯ, ದೀಪ, ಧೂಪ, ಫಲ ಎಂಬ ಅಷ್ಟದ್ರವ್ಯಗಳ ಪೂಜೆ ಬಲ್ಲವರಿಗೆ ಗೊತ್ತು. ಅರಿಯದವರು ಬಸದಿಯಲ್ಲಿ ನಾಲ್ಕು ದಿನ ನಿಂತು ನೋಡಿ ಕಲಿಯಬಹುದು. ಅನ್ಯ ಸಮುದಾಯದ ನೆರೆಹೊರೆಯವರಿಗೆ ಹಬ್ಬದ ದಿನ ಅಚ್ಚರಿ ಎನಿಸುವ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಹೇಳಬೇಕು. ಜಿನನಿಗೆ ಅರ್ಪಿಸಿದ ನೈವೇದ್ಯ, ಹಣ್ಣುಗಳು ನಿರ್ಮಾಲ್ಯ. ಮನೆಯವರು ಅದನ್ನು ಪ್ರಸಾದವೆಂದು ತಿನ್ನುವುದಿಲ್ಲ, ಹಂಚುವುದಿಲ್ಲ. ಕೊಟ್ಟದ್ದು ಬಿಟ್ಟದ್ದು, ಅದರ ಮೇಲಿನ ಮಮಕಾರ ಕಳಚಿತು ಎಂಬುದೇ ಅದರ ಅರ್ಥ. ಬಂದವರ ತಲೆಗೆ ಸಲ್ಲುವುದು ಅಭಿಷೇಕದ ಗಂಧೋದಕ. ತಿನ್ನಲು ಮನೆಯಲ್ಲಿ ಬೇರೆ ತಿಂಡಿ ಮಾಡಿರುತ್ತಾರೆ. ಅದರಲ್ಲಿ ಜಿಪುಣತನವೇನೂ ಇಲ್ಲ.

ಈಗ ಮತ್ತೆ ಮೊದಲಿನ ಪ್ರಶ್ನೆಗೆ ಬರಬೇಕು. ಅಂಗಡಿಯಿಂದ ತಂದ ಲೋಹದ ಮೂರ್ತಿ ಇನ್ನೂ ಬಿಂಬವಲ್ಲ. ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷ ಎಂಬ ಪಂಚಕಲ್ಯಾಣಗಳ ವಿಧಿಯಲ್ಲಿ ಮಂತ್ರಸಂಸ್ಕಾರ ಪಡೆದ ಮೇಲೆ ಅದು ಪ್ರತಿಷ್ಠಿತ ಬಿಂಬವಾಗುತ್ತದೆ. ಊರಿನಲ್ಲಿ ಪಂಚಕಲ್ಯಾಣ ಮಹೋತ್ಸವ ನಡೆದಾಗ ಉತ್ಸಾಹದಿಂದ ಸಣ್ಣ ಬಿಂಬವೊಂದನ್ನು ಇಡಿಸಿ ಪ್ರತಿಷ್ಠೆ ಮಾಡಿಸಿಕೊಂಡು ಮನೆಗೆ ತರುವವರುಂಟು. ಆ ಕ್ಷಣದಿಂದ ಅದಕ್ಕೆ ನಿತ್ಯ ಅಭಿಷೇಕ, ನಿತ್ಯ ಪೂಜೆ ನಡೆಯಲೇಬೇಕು. ಜ್ವರ ಬಂದರೂ, ಕೊಯ್ಲಿನ ಆಳುಗಳು ಬಾಗಿಲಲ್ಲಿ ಕಾದಿದ್ದರೂ, ಮಗಳ ಮದುವೆಯ ಮುಂಜಾನೆಯಾದರೂ ನಡೆಯಬೇಕು. ಜನನ ಮರಣಗಳ ಸೂತಕ ಬಂದಾಗ ಮನೆಯವರು ಮುಟ್ಟುವಂತಿಲ್ಲ. ನೆರೆಯ ಶ್ರಾವಕರೋ ಬಸದಿಯ ಇಂದ್ರರೋ ಬಂದು ನಡೆಸಬೇಕು. ಆದ್ದರಿಂದ ಗೃಹ ಚೈತ್ಯಾಲಯ ಒಂದು ಮನೆಯದಾದರೂ ಅದರ ಹೊಣೆ ಎರಡು ಮೂರು ಮನೆಗಳಿಗೆ ಹರಡಿಕೊಂಡಿರುತ್ತದೆ. ಕೂಡುಕುಟುಂಬದ ಕಾಲದಲ್ಲಿ ಇದು ಭಾರವೆನಿಸಿರಲಿಲ್ಲ. ಹತ್ತು ಜನರಿದ್ದ ಮನೆಯಲ್ಲಿ ಒಬ್ಬರಲ್ಲದಿದ್ದರೆ ಇನ್ನೊಬ್ಬರು ಮಡಿಯುಟ್ಟು ಕಲಶ ಹಿಡಿಯುತ್ತಿದ್ದರು.

ಇಂದು ಆ ಹತ್ತು ಜನರಲ್ಲಿ ಉಳಿದವರು ಇಬ್ಬರು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕಡಲಾಚೆಯ ದೇಶಗಳಲ್ಲಿ ನೆಲೆಸಿದ್ದಾರೆ. ತೋಟ, ಅಂಗಳ, ದೇವರ ಕೋಣೆಗಳ ನಡುವೆ ವಯಸ್ಸಾದ ದಂಪತಿ ಮಾತ್ರ ಇರುತ್ತಾರೆ. ಮೊಣಕಾಲು ನೋವಿನಿಂದ ಪೀಠದ ಮುಂದೆ ಕೂರಲಾಗದೆ ನಿಂತೇ ಅಭಿಷೇಕ ಮುಗಿಸುವವರಿದ್ದಾರೆ. ಮಗನ ಮನೆಗೆ ಹತ್ತು ದಿನ ಹೋಗಿಬರುವ ಆಸೆಯನ್ನು ಬಿಂಬಕ್ಕಾಗಿ ವರ್ಷಗಟ್ಟಲೆ ತಡೆಹಿಡಿದವರಿದ್ದಾರೆ. ಇದನ್ನು ಬಂಧನವೆನ್ನುವುದು ಸುಲಭ. ಅವರಲ್ಲಿ ಅನೇಕರಿಗೆ ಅದು ಬೆಳಗ್ಗೆ ಏಳಲು ಇರುವ ಕಾರಣವೂ ಹೌದು. ಕೊನೆಗೊಂದು ದಿನ ಒಬ್ಬರೇ ಉಳಿದಾಗ, ಅವರನ್ನು ಮಕ್ಕಳು ನಗರಕ್ಕೆ ಕರೆದೊಯ್ದಾಗ ಮನೆಗೆ ಬೀಗ ಬೀಳುತ್ತದೆ. ಬಿಂಬ ಒಳಗೇ ಉಳಿಯುತ್ತದೆ. ಮುಂದಿನ ವರ್ಷ ಯಾರಾದರೂ ಬರುತ್ತೇವೆ, ಆಗ ನೋಡೋಣ ಎಂಬ ಮಾತಿನಲ್ಲಿ ಮೂರು ಮಳೆಗಾಲ ಕಳೆಯುತ್ತವೆ.

ಈ ಸೀಮೆಯವರಿಗೆ ದೇವರನ್ನು ಹೊತ್ತು ಮನೆ ಬಿಡುವುದು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದಾಗ, ಜನ ಬಾಗಿಲು, ಕಂಬ, ಹೆಂಚುಗಳನ್ನು ಬಿಚ್ಚಿಕೊಂಡು ಹೊರಡುವಾಗ ಮನೆದೇವರನ್ನೂ ಎತ್ತಿಕೊಂಡೇ ಹೊರಟರು. ಆಗ ನೀರು ಅವರನ್ನು ಅಟ್ಟಿತು. ಇಂದು ಯಾವ ನೀರೂ ಏರಿ ಬರುತ್ತಿಲ್ಲ. ಅದಕ್ಕೇ ಇರಬೇಕು, ದೇವರನ್ನು ಎತ್ತಿಕೊಳ್ಳುವ ಅವಸರವೂ ಯಾರಿಗೂ ಇಲ್ಲ.

ಬೀಗ ಹಾಕುವ ಮುನ್ನ ಮಾಡಬೇಕಾದುದು ಕಠಿಣವೇನಲ್ಲ. ಸಮೀಪದ ಬಸದಿಯವರೊಡನೆ ಮಾತಾಡಿ, ಒಂದು ಶುಭದಿನ ಮನೆಯಲ್ಲಿ ಕೊನೆಯ ಅಭಿಷೇಕ ಪೂಜೆ ಮಾಡಿ, ಬಿಂಬವನ್ನು ಶುಚಿಯಾದ ವಸ್ತ್ರದಲ್ಲಿ ಎತ್ತಿಕೊಂಡು ಬಸದಿಗೆ ಒಪ್ಪಿಸಬೇಕು. ಪೂಜೆಗಾಗಿ ಯಥಾಶಕ್ತಿ ಒಂದು ನಿಧಿಯನ್ನು ಬಿಟ್ಟರೆ ಇನ್ನೂ ಉಚಿತ. ಹಳೆಯ ಬಸದಿಗಳ ಗರ್ಭಗೃಹದಲ್ಲಿ ಮೂಲನಾಯಕ ಸ್ವಾಮಿಯ ಪಾದದ ಬಳಿ ಸಾಲಾಗಿ ಕುಳಿತ ಸಣ್ಣ ಕಂಚಿನ ಬಿಂಬಗಳನ್ನು ಕಾಣಬಹುದು. ಭಕ್ತರು ಒಪ್ಪಿಸಿದ ಅವು ಅಲ್ಲಿ ದಿನವೂ ಪೂಜೆಗೊಳ್ಳುತ್ತವೆ. ಮನೆಯ ದೇವರನ್ನು ಹೊರಗೆ ಕೊಟ್ಟರೆ ಕೇಡೆಂದು ಹೆದರುವವರಿದ್ದಾರೆ. ಕೊಡಲು ನಾಚುವವರು ಇನ್ನೂ ಹೆಚ್ಚು. ಕೇಡೂ ಇಲ್ಲ, ನಾಚಿಕೆಯೂ ಇಲ್ಲ. ಪೂಜೆಯಿಲ್ಲದ ಕತ್ತಲ ಕೋಣೆಯಲ್ಲಿ ಬಿಂಬವನ್ನು ತನ್ನದೆಂದು ಇಟ್ಟುಕೊಳ್ಳುವುದು ಅಪರಿಗ್ರಹವನ್ನು ಬೋಧಿಸಿದ ಜಿನನನ್ನೇ ಪರಿಗ್ರಹವಾಗಿಸಿಕೊಂಡಂತೆ. ಭಗ್ನವಾದ ಬಿಂಬವನ್ನಂತೂ ಮನೆಯಲ್ಲಿ ಪೂಜಿಸುವುದು ಸಲ್ಲದು. ಅದನ್ನು ಏನು ಮಾಡಬೇಕೆಂಬುದನ್ನು ಗುರುಗಳಿಂದಲೇ ತಿಳಿಯಬೇಕು.

ಹಾಗಾದರೆ ನಿತ್ಯ ಅಭಿಷೇಕದ ಶಕ್ತಿಯಿಲ್ಲದವರಿಗೆ, ಬಾಡಿಗೆ ಮನೆಯಲ್ಲಿರುವವರಿಗೆ, ಬೆಳಗ್ಗೆ ಏಳಕ್ಕೆ ಬಸ್ಸು ಹಿಡಿಯುವವರಿಗೆ ಮನೆಯಲ್ಲಿ ಪೂಜಾಸ್ಥಾನವೇ ಬೇಡವೇ? ಹಾಗೇನೂ ಇಲ್ಲ. ಹನ್ನೊಂದನೆಯ ಶತಮಾನದ ಅಮಿತಗತಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ, ಮಾತನ್ನೂ ದೇಹವನ್ನೂ ಇತರ ವ್ಯಾಪಾರಗಳಿಂದ ಹಿಂದೆಗೆದು ನಿಲ್ಲಿಸುವುದು ದ್ರವ್ಯಪೂಜೆ, ಮನಸ್ಸನ್ನು ನಿಲ್ಲಿಸುವುದು ಭಾವಪೂಜೆ ಎಂದು ಹಿಂದಿನವರ ಮತವನ್ನು ತಿಳಿಸಿದ್ದಾರೆ. ಪಾತ್ರೆ ಪದಾರ್ಥಗಳ ಹೆಸರೇ ಅಲ್ಲಿಲ್ಲ. ಒಂದು ಶುಚಿಯಾದ ಗೂಡು, ತೀರ್ಥಂಕರರ ಪಟ, ಪಂಚನಮಸ್ಕಾರ ಮಂತ್ರ, ಒಂದು ಜಪಸರ ಇದ್ದರೆ ಸಾಕು. ಪಟಕ್ಕೆ ನಿತ್ಯ ಅಭಿಷೇಕದ ಕಟ್ಟಿಲ್ಲ, ಊರಿಗೆ ಹೋಗಿಬರಬಹುದು. ಆದರೂ ಕುಳಿತ ಹತ್ತು ನಿಮಿಷ ದೂರವಾಣಿ ಕೈಯಲ್ಲಿರದಂತೆ ನೋಡಿಕೊಳ್ಳುವುದು ಅಮಿತಗತಿಗಳ ದ್ರವ್ಯಪೂಜೆಯ ಇಂದಿನ ರೂಪವೆನ್ನಬೇಕು.

ಆ ಗೂಡಿನಲ್ಲಿ ಒಂದು ಶಾಸ್ತ್ರಗ್ರಂಥವೂ ಇರಲಿ. ದಾನಚಿಂತಾಮಣಿ ಅತ್ತಿಮಬ್ಬೆ ಒಂದೂವರೆ ಸಾವಿರ ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದವಳೂ ಅವಳೇ. ಪ್ರತಿಮೆಯ ಜೊತೆಗೆ ಪುಸ್ತಕವೂ ಮನೆ ಸೇರಬೇಕೆಂದು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಶ್ರಾವಿಕೆ ತಿಳಿದಿದ್ದಳು. ಇಂದಿನ ದೇವರ ಕೋಣೆಗಳಲ್ಲಿ ಬೆಳ್ಳಿಯ ಸಾಮಗ್ರಿ ಹೆಚ್ಚಿದೆ. ಪುಸ್ತಕದ ಪೀಠ ಖಾಲಿಯಾಗಿದೆ.

ಬರಿಗೈಯವರ ಪೂಜೆಗೆ ಸಮಂತಭದ್ರರು ರತ್ನಕರಂಡಕದಲ್ಲಿ ಕಪ್ಪೆಯೊಂದನ್ನು ಸಾಕ್ಷಿಗೆ ಕರೆದಿದ್ದಾರೆ. ಅದರ ಕತೆಯನ್ನು ಹಿರಿಯರು ಹೀಗೆ ಹೇಳುತ್ತಾರೆ. ರಾಜಗೃಹದ ಶ್ರೇಷ್ಠಿಯೊಬ್ಬ ಸತ್ತು ತನ್ನ ಮನೆಯ ಬಾವಿಯಲ್ಲಿಯೇ ಕಪ್ಪೆಯಾಗಿ ಹುಟ್ಟಿದ. ಮಹಾವೀರ ಸ್ವಾಮಿಯ ಸಮವಸರಣ ಬಂದಿದೆಯೆಂದು ತಿಳಿದು, ಬಾಯಲ್ಲಿ ಒಂದು ಹೂವನ್ನು ಕಚ್ಚಿಕೊಂಡು ಕುಪ್ಪಳಿಸುತ್ತ ಹೊರಟ ಆ ಜೀವ ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಲುಕಿ ಸತ್ತಿತು. ಪೂಜೆಯ ಭಾವದಿಂದಲೇ ದೇವಗತಿ ಪಡೆಯಿತು. ಬಂಗಲೆಯಲ್ಲಿದ್ದಾಗ ಆಗದ ಪೂಜೆ ಬಾವಿಯಲ್ಲಿದ್ದಾಗ ಕೈಗೂಡಿತು. ಮಳೆಗಾಲದ ರಾತ್ರಿ ತೋಟದಿಂದ ಕಪ್ಪೆಗಳ ದನಿ ಕೇಳುವಾಗ ಮಲೆನಾಡಿನ ಅಜ್ಜಿಯರು ಮಕ್ಕಳಿಗೆ ಹೇಳಲು ಇದಕ್ಕಿಂತ ತಕ್ಕ ಕತೆ ಸಿಗಲಾರದು.

ಪ್ರತಿಷ್ಠಿತ ಬಿಂಬವನ್ನೇ ತರಬೇಕೆಂಬ ಹಂಬಲವುಳ್ಳವರು ಒಂದು ಚಾತುರ್ಮಾಸ್ಯವನ್ನು ಪರೀಕ್ಷೆಗೆ ಇಟ್ಟುಕೊಳ್ಳಬಹುದು. ಆಷಾಢದಲ್ಲಿ ಮುನಿಗಳು ಒಂದೆಡೆ ನೆಲೆ ನಿಲ್ಲುವ ದಿನದಿಂದ ಮನೆಯ ಪಟದ ಮುಂದೆ, ಬಿಂಬವಿದ್ದರೆ ಹೇಗೋ ಹಾಗೆ, ಒಂದೇ ಹೊತ್ತಿಗೆ, ಸೋಸಿದ ನೀರು, ಮುರಿಯದ ಅಕ್ಕಿ, ಮುಚ್ಚಿದ ದೀಪದೊಡನೆ ಕುಳಿತುಕೊಳ್ಳುವುದು. ತಪ್ಪಿದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು. ನಡುವೆ ಭಾದ್ರಪದದ ದಶಲಕ್ಷಣ ಪರ್ವ ಬರುತ್ತದೆ, ನೆಂಟರ ಮನೆಯ ಕರೆ ಬರುತ್ತದೆ, ಕೊಳೆರೋಗಕ್ಕೆ ಔಷಧ ಹೊಡೆಸುವ ಗಡಿಬಿಡಿಯೂ ಬರುತ್ತದೆ. ದೀಪಾವಳಿಯ ನಸುಕಿನಲ್ಲಿ ಮಹಾವೀರ ಸ್ವಾಮಿಯ ನಿರ್ವಾಣಪೂಜೆ ಮುಗಿಸಿದ ಮೇಲೆ ಮನೆಯವರೆಲ್ಲ ಕುಳಿತು ಆ ಗುರುತುಗಳನ್ನು ಎಣಿಸಲಿ. ಎರಡೋ ಮೂರೋ ಇದ್ದರೆ, ಅಡಿಕೆ ಕೊಯ್ಲು ಮುಗಿದ ಬಳಿಕ ಆನಂದಪುರದಲ್ಲಿ ರಿಪ್ಪನ್‌ಪೇಟೆಯ ಬಸ್ಸು ಹತ್ತಿ, ಹೊಂಬುಜಕ್ಕೆ ಹೋಗಿ ಬಿಂಬದ ಮಾತನ್ನು ಎತ್ತಬಹುದು. ಹೆಚ್ಚಿದ್ದರೆ ಸದ್ಯಕ್ಕೆ ಪಟವೇ ಇರಲಿ. ಮುಂದಿನ ಆಷಾಢ ಬರಲು ಬಹಳ ದಿನಗಳೇನೂ ಇಲ್ಲ.